ಕಲಿಸುವವರಿಗೊಂದು ಪರೀಕ್ಷೆ

(ಬಾನುಲಿ ಭಾಷಣ)

ಪರೀಕ್ಷೆ ಎಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮೆಲ್ಲರ ಮನಸ್ಸಿನಲ್ಲಿ ಮೂಡುವ ಚಿತ್ರ ಹೆಚ್ಚುಕಡಮೆ ಒಂದೇ. ಉದ್ದನೆಯ ಹಜಾರ, ಸಾಲುಸಾಲಾಗಿ ಮೇಜುಗಳು, ಗೋಡೆಯ ಗಡಿಯಾರ, ಬೆವರಿದ ಅಂಗೈ. ಒಬ್ಬನು ಕಲಿತದ್ದನ್ನು ಇನ್ನೊಬ್ಬನು ಅಳೆದು ನೋಡುವ ಏರ್ಪಾಡು ಅದು. ಕಲಿತವರನ್ನು ಅಳೆಯುವ ಪರೀಕ್ಷೆಗಳು ಲೋಕದಲ್ಲಿ ಬೇಕಾದಷ್ಟಿವೆ. ಕಲಿಸುವವರನ್ನು, ಅವರು ಇನ್ನೊಬ್ಬರಿಗೆ ಕಲಿಸಬಲ್ಲರೇ ಎಂಬುದನ್ನೇ ಮುಖ್ಯವಾಗಿಟ್ಟುಕೊಂಡು ಅಳೆಯುವ ಪರೀಕ್ಷೆಗಳು ವಿರಳ. ಅಂಥದೊಂದು ಪರೀಕ್ಷೆಯ ಸಿದ್ಧತೆಯನ್ನು ಮೂರು ತಿಂಗಳ ಕಾಲ ಹತ್ತಿರದಿಂದ ಕಾಣುವ ಅವಕಾಶ ನನಗೆ ಒದಗಿತು. ಅದು ಮಧುಮೇಹವನ್ನು, ಎಂದರೆ ನಾವು ಮನೆಮಾತಿನಲ್ಲಿ ಸಕ್ಕರೆ ಕಾಯಿಲೆ ಎನ್ನುವ ರೋಗವನ್ನು ಕುರಿತ ಪರೀಕ್ಷೆ. ಬದುಕೆಲ್ಲ ಕನ್ನಡ ಪಾಠ ಹೇಳಿದವನಿಗೂ ಸಕ್ಕರೆ ಕಾಯಿಲೆಯ ಪರೀಕ್ಷೆಗೂ ಏನು ಸಂಬಂಧವೆಂದು ಶ್ರೋತೃಗಳು ಕೇಳಬಹುದು. ಸಂಬಂಧವುಂಟು; ಅದನ್ನು ತಿಳಿಸುವುದೇ ಈ ಮಾತಿನ ಉದ್ದೇಶ.

ನನ್ನ ಮಗಳು ಅಮೆರಿಕದ ನ್ಯೂ ಜೆರ್ಸಿಯಲ್ಲಿ ಆಹಾರತಜ್ಞೆ. ಅಲ್ಲಿ 'ಸರ್ಟಿಫೈಡ್ ಡಯಾಬಿಟಿಸ್ ಕೇರ್ ಅಂಡ್ ಎಜುಕೇಷನ್ ಸ್ಪೆಷಲಿಸ್ಟ್' ಎಂಬೊಂದು ವೃತ್ತಿಪದವಿ ಇದೆ. ಕನ್ನಡದಲ್ಲಿ ಮಧುಮೇಹ ಶಿಕ್ಷಕರು ಎಂದು ಕರೆಯೋಣ. ಇದನ್ನು ಕೊಡುವ ಮಂಡಲಿ 1986ರಲ್ಲಿ ಸ್ಥಾಪನೆಯಾಯಿತು. ಮೊದಲು 'ಡಯಾಬಿಟಿಸ್ ಎಜುಕೇಟರ್' ಎಂದಷ್ಟೇ ಇದ್ದ ಬಿರುದು ಈಗಿನ ಉದ್ದನೆಯ ಹೆಸರನ್ನು ಪಡೆದದ್ದು 2020ರಲ್ಲಿ. ದಾದಿಯರು, ಆಹಾರತಜ್ಞರು, ಔಷಧತಜ್ಞರು, ವೈದ್ಯರು ಮುಂತಾದವರು ಈ ಪರೀಕ್ಷೆಗೆ ಕೂರಬಹುದು. ಆದರೆ ಪುಸ್ತಕ ಓದಿಕೊಂಡು ನೇರವಾಗಿ ಬಂದು ಕೂರುವಂತಿಲ್ಲ. ತಮ್ಮ ವೃತ್ತಿಯಲ್ಲಿ ಎರಡು ವರ್ಷ ದುಡಿದಿರಬೇಕು. ಮಧುಮೇಹವುಳ್ಳವರಿಗೆ ಪಾಠ ಹೇಳಿ, ಆರೈಕೆ ಮಾಡಿ 1000 ಗಂಟೆಗಳ ಅನುಭವ ಗಳಿಸಿರಬೇಕು. ಆಮೇಲೆ ನಾಲ್ಕು ಗಂಟೆಯ ಪರೀಕ್ಷೆ, 200 ಪ್ರಶ್ನೆ. ಅವುಗಳಲ್ಲಿ 25ಕ್ಕೆ ಅಂಕವಿಲ್ಲ; ಮುಂದಿನ ಪರೀಕ್ಷೆಗಳಿಗಾಗಿ ಆ ಪ್ರಶ್ನೆಗಳನ್ನೇ ಪರೀಕ್ಷಿಸುತ್ತಾರೆ. ಅವು ಯಾವುವೆಂದು ಬರೆಯುವವರಿಗೆ ತಿಳಿಯದು. ಪ್ರಶ್ನೆಯನ್ನೂ ಪರೀಕ್ಷೆಗೆ ಕೂರಿಸಬೇಕೆಂಬ ಈ ವಿನಯ ನನಗೆ ಬಹಳ ಹಿಡಿಸಿತು.

ರೋಗವೊಂದಕ್ಕೆ ವೈದ್ಯರು ಸಾಲದೆ? ಶಿಕ್ಷಕರು ಏಕೆ? ಇದಕ್ಕೆ ಒಂದು ಸಣ್ಣ ಲೆಕ್ಕವೇ ಉತ್ತರ. ಮಧುಮೇಹವುಳ್ಳ ಒಬ್ಬಾಕೆ ವರ್ಷಕ್ಕೆ ನಾಲ್ಕು ಬಾರಿ ವೈದ್ಯರನ್ನು ಕಾಣುತ್ತಾಳೆ, ಬಾರಿಗೆ ಕಾಲು ಗಂಟೆ ಸಿಗುತ್ತದೆ ಎಂದಿಟ್ಟುಕೊಳ್ಳೋಣ. ಒಟ್ಟು ಒಂದು ಗಂಟೆ. ವರ್ಷದಲ್ಲಿರುವುದು 8760 ಗಂಟೆ. ಉಳಿದ 8759 ಗಂಟೆಗಳಲ್ಲಿ ಏನು ಉಣ್ಣಬೇಕು, ಎಷ್ಟು ನಡೆಯಬೇಕು, ಯಾವ ಹೊತ್ತಿಗೆ ಔಷಧ ತೆಗೆದುಕೊಳ್ಳಬೇಕು, ಕೈ ನಡುಗಿದರೆ ಏನು ಮಾಡಬೇಕು ಎಂಬುದನ್ನೆಲ್ಲ ಆಕೆಯೇ ತೀರ್ಮಾನಿಸಬೇಕು. ಬೇರೆ ಎಷ್ಟೋ ಕಾಯಿಲೆಗಳಲ್ಲಿ ರೋಗಿ ಮಲಗಿರುತ್ತಾನೆ, ವೈದ್ಯ ಎದ್ದಿರುತ್ತಾನೆ. ಇಲ್ಲಿ ರೋಗಿಯೇ ಹಗಲಿರುಳು ಎದ್ದಿರಬೇಕಾದ ವೈದ್ಯ. ಪಾಠವಿಲ್ಲದೆ ಆ ವೈದ್ಯಕ್ಕೆ ಗತಿಯಿಲ್ಲ.

ಇದನ್ನು ಮೊದಲು ಮನಗಂಡವರಲ್ಲಿ ಬಾಸ್ಟನ್ ನಗರದ ವೈದ್ಯ ಎಲಿಯಟ್ ಜಾಸ್ಲಿನ್ ಒಬ್ಬರು. 1869ರಲ್ಲಿ ಹುಟ್ಟಿ 1962ರವರೆಗೆ ಬಾಳಿದ ದೀರ್ಘಾಯುಷಿ. ರೋಗಿಗಳಿಗೂ ವೈದ್ಯರಿಗೂ ಒಟ್ಟಿಗೆ ಉಪಯೋಗವಾಗುವಂಥ ಕೈಪಿಡಿಯೊಂದನ್ನು ಅವರು 1918ರಲ್ಲಿ ಪ್ರಕಟಿಸಿದರು. ಇಸವಿಯನ್ನು ಗಮನಿಸಬೇಕು. ಟೊರಾಂಟೊ ನಗರದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಇನ್ಸುಲಿನ್ನನ್ನು ಬೇರ್ಪಡಿಸಿದ್ದು 1921ರಲ್ಲಿ. ಹದಿನಾಲ್ಕು ವರ್ಷದ ಲೆನರ್ಡ್ ಥಾಮ್ಸನ್ ಎಂಬ ಹುಡುಗನಿಗೆ ಅದರ ಚುಚ್ಚುಮದ್ದು ಮೊದಲ ಬಾರಿಗೆ ದೊರೆತದ್ದು 1922ರ ಜನವರಿಯಲ್ಲಿ. ಎಂದರೆ ಈ ರೋಗಕ್ಕೆ ಔಷಧ ಹುಟ್ಟುವ ಮೊದಲೇ ಪಾಠ ಹುಟ್ಟಿತ್ತು. ಕೊಡಲು ಬೇರೇನೂ ಇಲ್ಲದಿದ್ದ ಕಾಲದಲ್ಲಿ ತಿಳಿವಳಿಕೆಯೊಂದೇ ಮದ್ದಾಗಿತ್ತು. ಔಷಧ ಬಂದ ಮೇಲೂ ಜಾಸ್ಲಿನ್ ಪಾಠವನ್ನು ಬಿಡಲಿಲ್ಲ. ದಾದಿಯರಿಗೆ ತರಬೇತು ಕೊಟ್ಟು ರೋಗಿಗಳ ಮನೆಗಳಿಗೇ ಕಳುಹಿಸಿದರು. ಆಹಾರ, ಇನ್ಸುಲಿನ್, ವ್ಯಾಯಾಮ ಇವು ಮೂರು ಕುದುರೆಗಳು, ಚಿಕಿತ್ಸೆಯೆಂಬುದು ಆ ಮೂರು ಹೂಡಿದ ರಥ ಎಂಬುದು ಅವರಿಗೆ ಪ್ರಿಯವಾದ ಹೋಲಿಕೆ. ಕಠೋಪನಿಷತ್ತಿನ ರಥದ ರೂಪಕವನ್ನು ಬಲ್ಲ ನಮಗೆ ಒಡನೆಯೇ ಏಳುವ ಪ್ರಶ್ನೆ ಸಾರಥಿ ಯಾರು ಎಂಬುದು. ಕಾಯಿಲೆ ಯಾರದೋ ಅವರೇ ಸಾರಥಿ. ಲಗಾಮು ಹಿಡಿಯುವುದನ್ನು ಅವರಿಗೆ ಕಲಿಸಿಕೊಡುವುದು ಶಿಕ್ಷಕರ ಕೆಲಸ.

ಈಗ ಸಿದ್ಧತೆಯ ವಿಷಯಕ್ಕೆ ಬರುತ್ತೇನೆ. ಮಗಳು ಮೂರು ತಿಂಗಳನ್ನು ಮೂರು ಪಾಲು ಮಾಡಿಕೊಂಡಿದ್ದಳು. ರಾತ್ರಿ ಅಡಿಗೆಮನೆಯ ಕೆಲಸ ಮುಗಿದ ಮೇಲೆ ಒಂದೂವರೆ ಗಂಟೆ ಓದು. ನಾನು ಎದುರಿಗೆ ಕೂತು ಪ್ರಶ್ನೆ ಓದುವವನು.

ಮೊದಲ ತಿಂಗಳು ಅಂಕಿಗಳದು. ಬರಿಹೊಟ್ಟೆಯಲ್ಲಿ ನೂರು ಮಿಲಿಲೀಟರು ರಕ್ತಕ್ಕೆ 126 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಸಕ್ಕರೆ ಇದ್ದರೆ ಮಧುಮೇಹ; 75 ಗ್ರಾಂ ಗ್ಲೂಕೋಸ್ ಕುಡಿದ ಎರಡು ಗಂಟೆಯ ಮೇಲೆ 200 ಅಥವಾ ಹೆಚ್ಚು ಇದ್ದರೆ ಮಧುಮೇಹ; ಎ-ಒನ್-ಸಿ ಎಂಬ ಪರೀಕ್ಷೆಯಲ್ಲಿ ಶೇಕಡ 6.5 ಅಥವಾ ಹೆಚ್ಚು ಬಂದರೆ ಮಧುಮೇಹ, 5.7ರಿಂದ 6.4ರವರೆಗೆ ಬಂದರೆ ಹೊಸ್ತಿಲ ಮೇಲೆ ನಿಂತಂತೆ. ರಕ್ತದ ಕೆಂಪು ಕಣಗಳು ಸುಮಾರು 120 ದಿನ ಬಾಳುತ್ತವೆ. ಅವುಗಳಲ್ಲಿರುವ ಹಿಮೋಗ್ಲೋಬಿನ್ನಿಗೆ ಅಂಟಿಕೊಂಡ ಸಕ್ಕರೆಯನ್ನು ಅಳೆದರೆ ಹಿಂದಿನ ಎರಡು ಮೂರು ತಿಂಗಳ ಕಥೆ ತಿಳಿಯುತ್ತದೆ. ಎ-ಒನ್-ಸಿ 7 ಎಂದರೆ ದಿನಗಳ ಸರಾಸರಿ ಸಕ್ಕರೆ ಸುಮಾರು 154 ಎಂದು ಅರ್ಥ. ಮೇಷ್ಟರ ಮಾತಿನಲ್ಲಿ ಹೇಳುವುದಾದರೆ, ಬೆರಳು ಚುಚ್ಚಿ ನೋಡುವ ಅಂಕಿ ಒಂದು ದಿನದ ಕಿರುಪರೀಕ್ಷೆಯ ಅಂಕ. ಎ-ಒನ್-ಸಿ ಮೂರು ತಿಂಗಳ ಒಟ್ಟು ಫಲಿತಾಂಶ. ಹಿಂದಿನ ದಿನ ಉಪವಾಸವಿದ್ದು ಕಿರುಪರೀಕ್ಷೆಯನ್ನು ವಂಚಿಸಬಹುದು, ಮೂರು ತಿಂಗಳನ್ನು ವಂಚಿಸಲಾಗದು.

ಎರಡನೆಯ ತಿಂಗಳು ಔಷಧಗಳದು. ಬೇಗ ಕೆಲಸಮಾಡುವ ಇನ್ಸುಲಿನ್ ಸುಮಾರು ಕಾಲು ಗಂಟೆಯಲ್ಲಿ ಆರಂಭವಾಗಿ ಒಂದೆರಡು ಗಂಟೆಯಲ್ಲಿ ತುತ್ತತುದಿಗೇರಿ ಇಳಿಯುತ್ತದೆ. 'ರೆಗ್ಯುಲರ್' ಎಂಬುದಕ್ಕೆ ಅರ್ಧ ಗಂಟೆ ಬೇಕು. 'ಗ್ಲಾರ್ಜೀನ್' ಎಂಬುದು ಏರಿಳಿತವಿಲ್ಲದೆ ಸುಮಾರು ದಿನವಿಡೀ ನಡೆಯುತ್ತದೆ. ಇವೆಲ್ಲ ಪಟ್ಟಿಯಲ್ಲಿ ಒಣ ಅಂಕಿಗಳಾಗಿ ಕಾಣುತ್ತವೆ. ಮದುವೆಮನೆಯೊಂದನ್ನು ನೆನೆದುಕೊಂಡರೆ ಜೀವ ಬರುತ್ತದೆ. ಹನ್ನೆರಡೂವರೆಗೆ ಊಟವೆಂದು ತಿಳಿದು ಒಬ್ಬರು ಇನ್ಸುಲಿನ್ ಚುಚ್ಚಿಕೊಂಡರು. ಮೊದಲ ಪಂಕ್ತಿಯಲ್ಲಿ ಎಲೆ ಸಿಗಲಿಲ್ಲ. ಎರಡನೆಯ ಪಂಕ್ತಿ ಕೂರುವಾಗ ಎರಡು ಗಂಟೆ. ಔಷಧ ಬಂದು ಕಾದಿದೆ, ಅನ್ನ ಬಂದಿಲ್ಲ. ಬೆವರು, ನಡುಕ, ಕಣ್ಣುಕತ್ತಲೆ. ರಕ್ತದ ಸಕ್ಕರೆ 70ಕ್ಕಿಂತ ಕೆಳಗಿಳಿದರೆ ಎಚ್ಚರ. 54ಕ್ಕಿಂತ ಕೆಳಗಿಳಿದರೆ ಅಪಾಯ. ಆಗ 15 ಗ್ರಾಂ ಸಕ್ಕರೆ, ಎಂದರೆ ಅರ್ಧ ಲೋಟ ಹಣ್ಣಿನ ರಸ ಅಥವಾ ಒಂದು ದೊಡ್ಡ ಚಮಚ ಸಕ್ಕರೆ ಕೊಟ್ಟು, 15 ನಿಮಿಷ ಕಾದು, ಮತ್ತೆ ಪರೀಕ್ಷಿಸಬೇಕು. ಏರದಿದ್ದರೆ ಮತ್ತೆ ಕೊಡಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ತಕ್ಷಣ ವೈದ್ಯರ ನೆರವು ಪಡೆಯಬೇಕು. ಮದುವೆಮನೆಯಲ್ಲಿ ಕೈಗೆ ಮೊದಲು ಸಿಗುವುದು ಮೈಸೂರುಪಾಕು. ಈ ಹೊತ್ತಿಗೆ ಅದು ಸರಿಯಾದ ಮದ್ದಲ್ಲ. ಅದರ ತುಪ್ಪ ಸಕ್ಕರೆಯನ್ನು ಬೇಗ ರಕ್ತಕ್ಕೆ ಸೇರಲು ಬಿಡುವುದಿಲ್ಲ.

ಮೂರನೆಯ ತಿಂಗಳು ಪ್ರಶ್ನೆಗಳನ್ನು ಬಿಡಿಸುವುದಕ್ಕೆ ಮೀಸಲು. ಪರೀಕ್ಷೆಯ ನಿಜವಾದ ಸ್ವರೂಪ ನನಗೆ ಕಂಡದ್ದು ಆಗಲೇ. ಮಾದರಿಗಾಗಿ ಅಂಥದೊಂದು ಪ್ರಶ್ನೆಯನ್ನು ನಾನೇ ಹೊಸೆದು ಹೇಳುತ್ತೇನೆ. ಅರುವತ್ತೆರಡು ವಯಸ್ಸಿನ ಒಬ್ಬ ಗೃಹಸ್ಥ. ಮೂರು ವಾರದ ಹಿಂದೆ ಮಧುಮೇಹವೆಂದು ತಿಳಿದುಬಂದಿದೆ, ಎ-ಒನ್-ಸಿ 9.2. ಆತ ಶಿಕ್ಷಕಿಯ ಮುಂದೆ ಕೂತು, "ನಮ್ಮ ತಂದೆಗೂ ಇದೇ ಇತ್ತು. ಕೊನೆಗೆ ಕಣ್ಣು ಹೋಯಿತು. ಏನು ಮಾಡಿದರೂ ಅಷ್ಟೆ" ಎನ್ನುತ್ತಾನೆ. ಶಿಕ್ಷಕಿ ಮೊದಲು ಏನು ಮಾಡಬೇಕು? ಒಂದು, ಊಟದ ಪಟ್ಟಿಯನ್ನು ಬರೆದುಕೊಡಬೇಕು. ಎರಡು, ಸಕ್ಕರೆ ಅಳೆಯುವ ಯಂತ್ರದ ಬಳಕೆಯನ್ನು ತೋರಿಸಬೇಕು. ಮೂರು, ಈಗಿನ ಚಿಕಿತ್ಸೆಯಿಂದ ಕಣ್ಣನ್ನು ಉಳಿಸಿಕೊಳ್ಳಬಹುದೆಂದು ವಿವರಿಸಬೇಕು. ನಾಲ್ಕು, ತಂದೆಯ ಕಾಯಿಲೆಯ ಬಗೆಗೆ, ಆತನ ಭಯದ ಬಗೆಗೆ ಇನ್ನಷ್ಟು ಹೇಳುವಂತೆ ಕೇಳಬೇಕು.

ನಾಲ್ಕೂ ಸರಿಯಾದ ಕೆಲಸಗಳೇ. ಯಾವುದನ್ನೂ ತಪ್ಪೆಂದು ಹೊಡೆದುಹಾಕುವಂತಿಲ್ಲ. ಆದರೆ ಪ್ರಶ್ನೆಯಲ್ಲಿ 'ಮೊದಲು' ಎಂಬ ಒಂದು ಪದವಿದೆ, ಕೀಲಿರುವುದು ಅಲ್ಲಿ. ಉತ್ತರ ನಾಲ್ಕನೆಯದು. ಭಯ ತುಂಬಿದ ಮನಸ್ಸಿನೊಳಗೆ ಪಟ್ಟಿಗೂ ಯಂತ್ರಕ್ಕೂ ಜಾಗವಿಲ್ಲ. ಮೂರನೆಯ ಉತ್ತರ ಸಮಾಧಾನದಂತೆ ಕಂಡರೂ ಅದು ಆತನ ತಂದೆಯ ಕಥೆಯನ್ನು ಅರ್ಧಕ್ಕೇ ತಡೆದು ನಮ್ಮ ಕಥೆಯನ್ನು ಹೇಳಲು ಹೊರಡುತ್ತದೆ. ಇಂಥ ಪ್ರಶ್ನೆಗಳಲ್ಲಿ ವಿಷಯ ಬಲ್ಲವರೇ ಮುಗ್ಗರಿಸುವುದು ಹೆಚ್ಚು. ಗೊತ್ತಿದ್ದದ್ದನ್ನು ಹೇಳಿಬಿಡುವ ಆತುರ ಪಂಡಿತರ ಸಹಜ ದೌರ್ಬಲ್ಯ. ಹಾಗೆಂದು ಯಾವಾಗಲೂ ಕೇಳುತ್ತ ಕೂರುವಂತೆಯೂ ಇಲ್ಲ. ಅದೇ ಗೃಹಸ್ಥ ಬೆವರುತ್ತ ಬಂದು, ರಕ್ತದ ಸಕ್ಕರೆ 48 ಎಂದು ಯಂತ್ರ ತೋರಿಸಿದರೆ, ಮೊದಲು ಕೊಡಬೇಕಾದದ್ದು ಗ್ಲೂಕೋಸ್. ಮೊದಲು ಪ್ರಾಣ, ಆಮೇಲೆ ಪಾಠ. ಯಾವ ಹೊತ್ತಿಗೆ ಯಾವುದು ಎಂಬ ವಿವೇಕವನ್ನು ಅಳೆಯುವುದರಿಂದಲೇ ಇದು ಕಠಿಣವಾದ ಪರೀಕ್ಷೆ.

ಈ ವಿವೇಕಕ್ಕೆ ಶಾಸ್ತ್ರದ ಬೆಂಬಲವೂ ಇದೆ. ಪ್ರೊಚಾಸ್ಕ ಮತ್ತು ಡಿಕ್ಲಿಮೆಂಟಿ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಮನುಷ್ಯ ತನ್ನ ರೂಢಿಯನ್ನು ಬದಲಿಸಿಕೊಳ್ಳುವ ಹಂತಗಳನ್ನು ಗುರುತಿಸಿದ್ದಾರೆ. ಬದಲಾವಣೆಯ ಯೋಚನೆಯೇ ಇಲ್ಲದ ಹಂತ, ಯೋಚನೆ ಮೊಳೆತ ಹಂತ, ಸಿದ್ಧತೆಯ ಹಂತ, ಆಚರಣೆಯ ಹಂತ, ಉಳಿಸಿಕೊಳ್ಳುವ ಹಂತ. ಎದುರಿಗಿರುವವರು ಯಾವ ಮೆಟ್ಟಿಲಲ್ಲಿದ್ದಾರೆಂದು ನೋಡದೆ ಐದನೆಯ ಮೆಟ್ಟಿಲಿನ ಪಾಠ ಹೇಳಿದರೆ ಅದು ಗಾಳಿಗೆ ಹೇಳಿದ ಪಾಠ. ಇನ್ನೊಂದು ಕ್ರಮವುಂಟು, ಹೇಳಿದ ಪಾಠವನ್ನು ಕೇಳಿದವರಿಂದಲೇ ಮರಳಿ ಹೇಳಿಸುವುದು. "ಅರ್ಥವಾಯಿತೆ?" ಎಂದು ಕೇಳಿದರೆ "ಆಯಿತು" ಎಂಬ ಉತ್ತರ ಬರುವುದು ಸಂಪ್ರದಾಯ. ಹಿರಿಯರ ಮುಂದೆ, ಬಿಳಿಯ ಕೋಟಿನ ಮುಂದೆ, ಇಲ್ಲವೆನ್ನುವುದಕ್ಕೆ ನಾಲಗೆ ಏಳುವುದಿಲ್ಲ. ಅದಕ್ಕೆ ಬದಲಾಗಿ, "ನಾನು ಸರಿಯಾಗಿ ಹೇಳಿದೆನೋ ಇಲ್ಲವೋ ತಿಳಿಯಬೇಕು. ಮನೆಗೆ ಹೋಗಿ ಈ ಚುಚ್ಚುಮದ್ದನ್ನು ಹೇಗೆ ಹಾಕಿಕೊಳ್ಳುತ್ತೀರಿ, ಒಮ್ಮೆ ತೋರಿಸಿ" ಎಂದು ಕೇಳಬೇಕಂತೆ. ಭಾರ ಕೇಳಿದವರ ಮೇಲಿರದೆ ಹೇಳಿದವರ ಮೇಲಿರುತ್ತದೆ. ಶಿಕ್ಷಣಶಾಸ್ತ್ರದ ದಪ್ಪ ಗ್ರಂಥಗಳು ಹೇಳುವುದನ್ನು ಈ ಒಂದು ವಾಕ್ಯ ಹೇಳುತ್ತದೆ.

ಇಂಥ ಪಾಠದಿಂದ ಫಲವಿದೆಯೆ? ಇದೆಯೆಂಬುದಕ್ಕೆ ಆಧಾರಗಳಿವೆ. 1993ರಲ್ಲಿ ಪ್ರಕಟವಾದ ಅಮೆರಿಕ-ಕೆನಡಗಳ ದೊಡ್ಡ ಅಧ್ಯಯನವೊಂದು 1441 ಜನರನ್ನು ವರ್ಷಗಟ್ಟಲೆ ಹಿಂಬಾಲಿಸಿ, ಸಕ್ಕರೆಯನ್ನು ಬಿಗಿಯಾಗಿ ಹಿಡಿತದಲ್ಲಿಟ್ಟರೆ ಕಣ್ಣು, ಮೂತ್ರಪಿಂಡ, ನರಗಳಿಗೆ ಬರುವ ಕೇಡು ಗಣನೀಯವಾಗಿ ತಗ್ಗುತ್ತದೆಂದು ತೋರಿಸಿತು. 2002ರಲ್ಲಿ ಹೊರಬಂದ ಇನ್ನೊಂದು ಅಧ್ಯಯನ ಮಧುಮೇಹದ ಹೊಸ್ತಿಲಲ್ಲಿದ್ದವರನ್ನು ಕುರಿತದ್ದು. ಅವರಲ್ಲಿ ಕೆಲವರಿಗೆ ಮೆಟ್‌ಫಾರ್ಮಿನ್ ಮಾತ್ರೆ ಕೊಟ್ಟರು. ಕೆಲವರಿಗೆ ಊಟ-ವ್ಯಾಯಾಮಗಳ ಬಗೆಗೆ 16 ಪಾಠಗಳನ್ನು ಕ್ರಮವಾಗಿ ಹೇಳಿ, ಬೆನ್ನಿಗೆ ನಿಂತರು. ಮಾತ್ರೆಯಿಂದ ಮಧುಮೇಹ ಬರುವ ಸಂಭವ ಶೇಕಡ 31ರಷ್ಟು ತಗ್ಗಿತು. ಪಾಠ ಕೇಳಿ ನಡೆದವರಲ್ಲಿ ಶೇಕಡ 58ರಷ್ಟು ತಗ್ಗಿತು. ಪಾಠ ಹೇಳುವುದನ್ನೇ ಕಸುಬು ಮಾಡಿಕೊಂಡವರಿಗೆ ಇದಕ್ಕಿಂತ ಧೈರ್ಯ ಕೊಡುವ ಅಂಕಿ ಇನ್ನೊಂದಿರಲಾರದು.

ಪಾಠ ತಲುಪದಿದ್ದರೆ ಏನಾಗುತ್ತದೆಂಬುದನ್ನೂ ನಾನು ಕಂಡಿದ್ದೇನೆ. ನನ್ನ ಅಕ್ಕ ಹಾಸನ ಜಿಲ್ಲೆಯ ಒಂದು ಹಳ್ಳಿಯಲ್ಲಿದ್ದಳು. ಹದಿನಾಲ್ಕು ವರ್ಷ ಸಕ್ಕರೆ ಕಾಯಿಲೆ. ಮಾತ್ರೆ ನುಂಗುವುದರಲ್ಲಿ ಅವಳಷ್ಟು ನಿಷ್ಠೆಯವರು ವಿರಳ. ದೇವರಿಗೆ ದೀಪ ಹಚ್ಚುವುದು ತಪ್ಪಿದರೂ ಮಾತ್ರೆ ತಪ್ಪದು. 1998ರ ಬೇಸಿಗೆಯಲ್ಲಿ ದೇವಸ್ಥಾನಕ್ಕೆ ಹೋಗಿ, ಕಾದ ಕಲ್ಲುಚಪ್ಪಡಿಯ ಮೇಲೆ ಬರಿಗಾಲಿನಲ್ಲಿ ಪ್ರದಕ್ಷಿಣೆ ಹಾಕಿದಳು. ಅಂಗಾಲು ಬೊಬ್ಬೆಯೆದ್ದದ್ದು ಅವಳಿಗೆ ತಿಳಿಯಲೇ ಇಲ್ಲ. ನಾಲ್ಕೈದು ದಿನದ ಮೇಲೆ ಹಾಸಿಗೆಯ ಮೇಲೆ ಕಲೆ ಕಂಡು ಸೊಸೆ ಕಾಲನ್ನು ತಿರುಗಿಸಿ ನೋಡಿದಳು. ಮುಂದಿನದನ್ನು ಬೆಳೆಸಿ ಹೇಳುವುದಿಲ್ಲ. ಮೊಣಕಾಲಿನ ಕೆಳಗೆ ಕಾಲನ್ನು ತೆಗೆಯಬೇಕಾಯಿತು. ಆಸ್ಪತ್ರೆಯಲ್ಲಿ ನಾನು ಪಕ್ಕದಲ್ಲಿ ಕೂತಿದ್ದಾಗ ಅವಳು ಹೇಳಿದ ಮಾತು ಇದು: "ನೋವೇ ಇರಲಿಲ್ಲ ಕಣೋ. ನೋವಿದ್ದಿದ್ದರೆ ನೋಡಿಕೊಳ್ಳುತ್ತಿದ್ದೆ."

ಆ ಕಾಯಿಲೆಯ ಮರ್ಮವೆಲ್ಲ ಆ ಮಾತಿನಲ್ಲಿತ್ತು. ಬಹುಕಾಲದ ಮಧುಮೇಹ ನರಗಳನ್ನು ಸಾಯಿಸುತ್ತದೆ. ನೋವೆಂಬ ಕಾವಲುಗಾರ ಮನೆ ಬಿಟ್ಟು ಹೋಗಿರುತ್ತಾನೆ. ಆಗ ಕಣ್ಣೇ ಕಾವಲಾಗಬೇಕು. ದಿನವೂ ಮಲಗುವ ಮುನ್ನ ಅಂಗಾಲನ್ನು, ಬೆರಳುಗಳ ಸಂದುಗಳನ್ನು ನೋಡಿಕೊಳ್ಳಬೇಕು. ಬಗ್ಗಲಾಗದಿದ್ದರೆ ಕನ್ನಡಿಯಲ್ಲಿ ನೋಡಬೇಕು, ಇಲ್ಲವೆ ಮನೆಯವರಿಂದ ನೋಡಿಸಬೇಕು. ಬರಿಗಾಲಿನಲ್ಲಿ ನಡೆಯಬಾರದು. ಸ್ನಾನದ ನೀರಿನ ಬಿಸಿಯನ್ನು ಕಾಲಿನಿಂದ ನೋಡದೆ ಮೊಣಕೈಯಿಂದ ನೋಡಬೇಕು. ವೈದ್ಯರ ಬಳಿ ಸಣ್ಣ ನೈಲಾನ್ ಎಳೆಯೊಂದಿರುತ್ತದೆ. ಅಂಗಾಲಿಗೆ ತಾಗಿಸಿದರೆ 10 ಗ್ರಾಂ ಒತ್ತಡದಲ್ಲಿ ಬಾಗುತ್ತದೆ. ಅದರ ಸ್ಪರ್ಶ ತಿಳಿಯದಿದ್ದರೆ ಕಾಲು ಅಪಾಯದಲ್ಲಿದೆಯೆಂದು ಅರ್ಥ. ಈ ಅಧ್ಯಾಯವನ್ನು ಓದುವಾಗ ಮಗಳು ಪುಸ್ತಕ ಮಡಿಸಿ, "ಅತ್ತೆಗೆ ಇದನ್ನು ಯಾರೂ ಹೇಳಿರಲಿಲ್ಲವಾ ಅಪ್ಪ?" ಎಂದು ಕೇಳಿದಳು. ಐದು ನಿಮಿಷದ ಪಾಠ. ಅದನ್ನು ಹೇಳುವುದೇ ತನ್ನ ಕೆಲಸವೆಂದು ತಿಳಿದವರು ಹದಿನಾಲ್ಕು ವರ್ಷಗಳಲ್ಲಿ ಅವಳ ಹಾದಿಗೆ ಒಬ್ಬರೂ ಸಿಕ್ಕಿರಲಿಲ್ಲ. ಆ ರಾತ್ರಿಯಿಂದ ಮಗಳ ಓದಿನ ಧಾಟಿಯೇ ಬೇರೆಯಾಯಿತು. ಪ್ರತಿಯೊಂದು ಪಾಠವನ್ನೂ ಅತ್ತೆಗೆ ಹೇಳುವಂತೆ ಕನ್ನಡದಲ್ಲಿ ಹೇಳಿ ನೋಡತೊಡಗಿದಳು. ಅತ್ತೆಯ ಪಾತ್ರ ನನ್ನದು.

ಕನ್ನಡದ ಮೇಷ್ಟರಿಗೆ ಕೆಲಸ ಬಂದದ್ದು ಇಲ್ಲಿ. ಇಂಗ್ಲಿಷಿನಲ್ಲಿ 'ಕಾರ್ಬೋಹೈಡ್ರೇಟ್' ಎಂದರೆ ಮುಗಿಯಿತು. ನಮ್ಮ ಪಠ್ಯಪುಸ್ತಕಗಳಲ್ಲಿ 'ಶರ್ಕರಪಿಷ್ಟ' ಎಂದಿದೆ. ಈ ಎರಡು ಮಾತುಗಳಲ್ಲಿ ಯಾವುದೂ ಅಕ್ಕನ ಅಡಿಗೆಮನೆಯದಲ್ಲ. ಹಲವು ಬಾರಿ ತಿದ್ದಿದ ಮೇಲೆ ನಿಂತದ್ದು ಇಷ್ಟು: "ಅನ್ನ, ಮುದ್ದೆ, ರೊಟ್ಟಿ, ಆಲೂಗಡ್ಡೆ, ಹಣ್ಣು ಇವೆಲ್ಲ ಹೊಟ್ಟೆಯೊಳಗೆ ಹೋಗಿ ಸಕ್ಕರೆಯಾಗುತ್ತವೆ." ಈ ಮಾತು ಹೇಳಿದೊಡನೆ ಅಕ್ಕನ ಬಾಯಿಂದ ಬರಬಹುದಾದ ಪ್ರಶ್ನೆಯನ್ನು ನಾನು ಕೇಳಿದೆ: "ಮುದ್ದೆಯೂ ಆಗುತ್ತದೆಯೇನಮ್ಮ? ಸಕ್ಕರೆಯವರು ಮುದ್ದೆಯನ್ನು ಎಷ್ಟು ಬೇಕಾದರೂ ಉಣ್ಣಬಹುದು ಅಂತಾರಲ್ಲ?" ಮೈಸೂರು ಸೀಮೆಯಲ್ಲಿ ಈ ನಂಬಿಕೆ ಬಲವಾಗಿದೆ. ನೂರು ಗ್ರಾಂ ಅಕ್ಕಿಯಲ್ಲಿ ಸಕ್ಕರೆಯಾಗುವ ಅಂಶ ಸುಮಾರು 78 ಗ್ರಾಂ. ನೂರು ಗ್ರಾಂ ರಾಗಿಯಲ್ಲಿ 67ರಿಂದ 72 ಗ್ರಾಂ. ರಾಗಿಯಲ್ಲಿ ನಾರು ಹೆಚ್ಚು, ಸುಣ್ಣದ ಅಂಶ ಬಹಳ ಹೆಚ್ಚು. ಆ ಹಿರಿಮೆಯನ್ನು ಯಾರೂ ಕಸಿಯಲಾರರು. ಆದರೆ 75 ಗ್ರಾಂ ಹಿಟ್ಟಿನ ಒಂದು ಮುದ್ದೆಯಲ್ಲಿ ಸುಮಾರು 50 ಗ್ರಾಂ ಸಕ್ಕರೆಯ ಅಂಶವಿದೆ. ಆಹಾರತಜ್ಞರ ಲೆಕ್ಕದಲ್ಲಿ 15 ಗ್ರಾಂ ಎಂದರೆ ಒಂದು ಪಾಲು. ಮುದ್ದೆಯೊಂದು ಮೂರು ಪಾಲಿಗೂ ಮಿಗಿಲು. ಅಕ್ಕಿ ಕೆಟ್ಟದ್ದು, ರಾಗಿ ಒಳ್ಳೆಯದು ಎಂಬ ಸುಲಭದ ಮಾತನ್ನು ಬಿಟ್ಟು, ಎರಡರಲ್ಲೂ ಎಷ್ಟು ಎಂಬ ಪ್ರಶ್ನೆಯನ್ನು ಕಲಿಸಬೇಕಾಗಿದೆ.

ಇನ್ಸುಲಿನ್ನನ್ನು ಬೀಗದ ಕೈಗೆ ಹೋಲಿಸುವುದು ಅವಳ ಪುಸ್ತಕಗಳಲ್ಲಿ ರೂಢಿ. "ಬೀಗ ಎಲ್ಲಿದೆಯಮ್ಮ?" ಎಂದು ನಾನು ಕೇಳಿದೆ. ಆಗ ಹೋಲಿಕೆ ಬೆಳೆಯಿತು. ಮೈಯ ಒಂದೊಂದು ಕಣವೂ ಒಂದು ಮನೆ. ಸಕ್ಕರೆ ಬೀದಿಯಲ್ಲಿ ನಿಂತ ದಿನಸಿ. ಬೀಗ ತೆರೆದರೆ ಒಳಗೆ ಹೋಗಿ ಅಡಿಗೆಯಾಗುತ್ತದೆ. ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಮೊದಲ ಬಗೆಯ ಮಧುಮೇಹದಲ್ಲಿ ಬೀಗದ ಕೈಯೇ ಇಲ್ಲ. ವಯಸ್ಕರಲ್ಲಿ ಹೆಚ್ಚಾಗಿ ಕಾಣುವ ಎರಡನೆಯ ಬಗೆಯದರಲ್ಲಿ ಬೀಗಕ್ಕೆ ತುಕ್ಕು ಹಿಡಿದಿದೆ, ಬರಬರುತ್ತ ಕೈಗಳೂ ಸಾಲದಾಗುತ್ತವೆ. ನಡಿಗೆ, ವ್ಯಾಯಾಮಗಳು ಬೀಗಕ್ಕೆ ಬಿಡುವ ಎಣ್ಣೆ.

ಮಾತಿನ ಬಗೆಗೆ ಈ ವೃತ್ತಿಯವರ ಎಚ್ಚರ ಸಾಹಿತ್ಯದವರು ಮೆಚ್ಚುವಂಥದು. ಅಮೆರಿಕದ ಎರಡು ಪ್ರಮುಖ ಸಂಘಗಳು ಕೂಡಿ 2017ರಲ್ಲಿ ಒಂದು ಲೇಖನವನ್ನೇ ಪ್ರಕಟಿಸಿವೆ. ಮನುಷ್ಯನನ್ನು ರೋಗದ ಹೆಸರಿನಿಂದ ಕರೆಯಬೇಡಿ, 'ಹೇಳಿದ ಮಾತು ಕೇಳದವರು' ಎಂಬರ್ಥದ ಪದಗಳನ್ನು ಬಿಡಿ, ತೀರ್ಪು ಕೊಡುವ ಭಾಷೆ ಬೇಡ ಎಂದು ಅದರ ಸಲಹೆ. ಇದನ್ನು ಕೇಳಿ ನನಗೆ ನಮ್ಮ 'ಪಥ್ಯ' ಎಂಬ ಮಾತು ನೆನಪಾಯಿತು. ಮನೆಗಳಲ್ಲಿ ಇಂದು ಪಥ್ಯವೆಂದರೆ ಶಿಕ್ಷೆ. ನಾಲಗೆಗೆ ಹಾಕಿದ ಬೀಗ. ಪದದ ಮೂಲದಲ್ಲಿ ಇರುವುದು ಪಥ, ದಾರಿ. ದಾರಿಗೆ ಹಿತವಾದದ್ದು ಪಥ್ಯ. ಬೇಡವೆನ್ನುವ ಪಟ್ಟಿಯಾಗಿ ಸೊರಗಿಹೋದ ಈ ಪದಕ್ಕೆ ದೂರದ ಪಯಣಕ್ಕೆ ಕಟ್ಟಿಕೊಂಡ ಬುತ್ತಿಯ ಅರ್ಥವನ್ನು ಮರಳಿ ತಂದುಕೊಟ್ಟರೆ ಅದೂ ಒಂದು ಚಿಕಿತ್ಸೆಯೇ. ಏಕಾದಶಿಯ ಉಪವಾಸವಿದೆಯೆ, ರಂಜಾನಿನ ರೋಜಾ ಇದೆಯೆ ಎಂದು ಕೇಳಿ ತಿಳಿದು ಅದಕ್ಕೆ ತಕ್ಕಂತೆ ಔಷಧದ ಹೊತ್ತನ್ನು ವೈದ್ಯರೊಡನೆ ಹೊಂದಿಸುವುದೂ ಶಿಕ್ಷಕರ ಕೆಲಸವೇ.

ನಮ್ಮ ಭಾಷೆಗೆ ಈ ಕೆಲಸ ಹೊಸದಲ್ಲ. ಮಧುಮೇಹವೆಂಬ ಹೆಸರೇ ಚರಕ ಸುಶ್ರುತರ ಕಾಲದ್ದು. ಜೇನಿನಂಥ ಮೂತ್ರವೆಂದು ಅವರು ಗುರುತಿಸಿದ್ದರು. ಕನ್ನಡದಲ್ಲಿ ಕೀರ್ತಿವರ್ಮ ಗೋವೈದ್ಯವನ್ನು ಬರೆದ. ಹದಿನಾಲ್ಕನೆಯ ಶತಮಾನದ ಮಂಗರಾಜ ವಿಷವೈದ್ಯವನ್ನು ಖಗೇಂದ್ರಮಣಿದರ್ಪಣದಲ್ಲಿ ಪದ್ಯವಾಗಿಸಿದ. ಪದ್ಯವಾದರೆ ನೆನಪಿನಲ್ಲಿ ನಿಲ್ಲುತ್ತದೆ. ನಮ್ಮ ಕಾಲದಲ್ಲಿ ವೈದ್ಯೆಯೂ ಕಾದಂಬರಿಕಾರ್ತಿಯೂ ಆಗಿದ್ದ ಅನುಪಮಾ ನಿರಂಜನ ಅವರ 'ತಾಯಿ-ಮಗು' ಎಷ್ಟೋ ಮನೆಗಳಲ್ಲಿ ಹಿರಿಯಕ್ಕನಂತೆ ನಿಂತಿತು. ವೈದ್ಯ ಮತ್ತು ಅಕ್ಷರ ಎರಡನ್ನೂ ಬಲ್ಲವರ ಪರಂಪರೆ ನಮ್ಮಲ್ಲಿ ಇದೆ.

ಮಗಳು ಪರೀಕ್ಷೆಗೆ ಕೂತು ತೇರ್ಗಡೆಯಾದಳು. ಐದು ವರ್ಷಕ್ಕೊಮ್ಮೆ ಅರ್ಹತೆಯನ್ನು ನವೀಕರಿಸಿಕೊಳ್ಳಬೇಕಂತೆ. ಒಮ್ಮೆ ಗುರುವಾದವರು ಎಂದೆಂದಿಗೂ ಗುರುಗಳೆಂಬ ಭರವಸೆಯನ್ನು ಆ ಮಂಡಲಿ ಕೊಡುವುದಿಲ್ಲ. ಈಗ ಅವಳ ಬಳಿಗೆ ಮಕ್ಕಳ ಮನೆಗೆ ಬಂದ ಕನ್ನಡದ ಹಿರಿಯರು ಆಗಾಗ ಬರುತ್ತಾರೆ. ಇಂಗ್ಲಿಷಿನಲ್ಲಿ ಎಲ್ಲಕ್ಕೂ ತಲೆಯಾಡಿಸಿದವರು ಕನ್ನಡ ಕಿವಿಗೆ ಬಿದ್ದೊಡನೆ ಪ್ರಶ್ನೆ ಕೇಳಲು ಆರಂಭಿಸುತ್ತಾರಂತೆ. ಪ್ರಶ್ನೆ ಹುಟ್ಟಿತೆಂದರೆ ಪಾಠ ತಲುಪಿತೆಂದೇ ಲೆಕ್ಕ.

2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯ ಅಧ್ಯಯನದ ಪ್ರಕಾರ ನಮ್ಮ ದೇಶದಲ್ಲಿ ಮಧುಮೇಹವುಳ್ಳವರು 10.1 ಕೋಟಿ, ಹೊಸ್ತಿಲಲ್ಲಿರುವವರು 13.6 ಕೋಟಿ. ಇವರೆಲ್ಲರಿಗೂ ಇರುವುದು ವೈದ್ಯರ ಆ ಒಂದು ಗಂಟೆ ಮಾತ್ರ, ಅದೂ ಇದ್ದರೆ. ಮಧುಮೇಹ ಶಿಕ್ಷಕರನ್ನು ತಯಾರುಮಾಡುವ ತರಬೇತುಗಳು ನಮ್ಮಲ್ಲಿಯೂ ಇವೆ. ಅಲ್ಲಿಗೆ ಬರುವ ತರುಣ ತರುಣಿಯರು ಇನ್ಸುಲಿನ್ನಿನ ಪಟ್ಟಿಯೊಡನೆ ತಮ್ಮ ಸೀಮೆಯ ಅಡಿಗೆಮನೆಯ ಮಾತನ್ನೂ ಕಲಿಯಲಿ. ಬೀದರಿನ ರೊಟ್ಟಿಯ ಮಾತು, ಮಂಡ್ಯದ ಮುದ್ದೆಯ ಮಾತು, ಕರಾವಳಿಯ ಕುಚ್ಚಲಕ್ಕಿಯ ಮಾತು.

ಅವರು ಬರುವ ತನಕ ನಾವು ಸುಮ್ಮನಿರಬೇಕಾಗಿಲ್ಲ. ಕೇಳುತ್ತಿರುವ ನಿಮ್ಮಲ್ಲಿ ಬಹುಮಂದಿಯ ಮನೆಯಲ್ಲಿ ಸಕ್ಕರೆ ಕಾಯಿಲೆಯ ಹಿರಿಯರೊಬ್ಬರು ಇದ್ದಾರು. ಮಾತ್ರೆ ತೆಗೆದುಕೊಂಡಿರಾ ಎಂದು ನೀವು ದಿನವೂ ಕೇಳುತ್ತೀರಿ. ಅದರೊಡನೆ ಇಂದು ರಾತ್ರಿ ದೀಪ ಆರಿಸುವ ಮುನ್ನ ಅವರ ಅಂಗಾಲನ್ನು ಒಮ್ಮೆ ಬೆಳಕಿಗೆ ಹಿಡಿದು ನೋಡಿ. ನೋಡುವುದು ಏಕೆಂದು ಅವರಿಗೆ ಹೇಳಿ. ಹೇಳಿದ್ದನ್ನು ಅವರ ಬಾಯಿಂದ ಮರಳಿ ಕೇಳಿ.